ನೇಟಿವ್ ಅಲ್ಲ ಸ್ವಾಮಿ, ಊರು

ಬೆಂಗಳೂರಿನ ಆಫೀಸಲ್ಲಿ ಕನ್ನಡದವರೇ ನನ್ನನ್ನ ಕೇಳೋದು, 'ನಿಮ್ಮ ನೇಟಿವ್ ಯಾವ್ದು?' ಗುಂಡ್ಲುಪೇಟೆ ಅಂತೀನಿ. ಒಳಗೊಳಗೇ ಉರಿಯುತ್ತೆ. ನೇಟಿವ್ ಅನ್ನೋದು ಬ್ರಿಟಿಷರು ನಮ್ಮನ್ನ ಕರೀತಿದ್ದ ಹೆಸರು.

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಪಕ್ಕ ಕೂತ ಅಜ್ಜಿ ಕೇಳೋದು, 'ಯಾವೂರಪ್ಪ ನಿಂದು?' ಇಲ್ಲಿಂದ ಒಂದು ರಸ್ತೆ ಗೂಡಲೂರಿಗೆ, ಒಂದು ಸುಲ್ತಾನ್ ಬತ್ತೇರಿಗೆ. ಚಾಮರಾಜನಗರದಿಂದ ಇನ್ನೊಂದು ಸತ್ಯಮಂಗಲಕ್ಕೆ. ಯಾವ ದಾರಿ ಹಿಡಿದರೂ ಈ ಪದ ಜೊತೆಗೇ ಬರುತ್ತೆ. ತಮಿಳು, ಮಲಯಾಳದಲ್ಲಿ ಊರ್. ತೆಲುಗು, ತುಳುವಲ್ಲಿ ಊರು. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುತ್ತೆ. ಪದಕ್ಕೆ ಗೇಟಿಲ್ಲ.

ಆದರೂ ಜಗಳ: ಅದು ತಮಿಳಿಂದ ಬಂದದ್ದು, ಇಲ್ಲ, ನಮ್ಮಿಂದ ಅವರು ಕದ್ದದ್ದು! ಲ್ಯಾಂಡ್ ಅನ್ನೋ ಪದ ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ನಾಲ್ಕರಲ್ಲೂ ಇದೆ. ಕದ್ದವರು ಯಾರೂ ಇಲ್ಲ. ಅಕ್ಕತಂಗೀರ ಮೂಗು ಒಂದೇ ಥರ ಇದ್ದರೆ ಯಾರದ್ದನ್ನ ಯಾರು ಕದ್ದರು ಅಂತ ಕೇಳ್ತೀವಾ? ಅದು ಅಮ್ಮನ ಮೂಗು.

ತಮಾಷೆ ನೋಡಿ. ಪದ ಯಾರದ್ದು ಅಂತ ಫೋನಲ್ಲಿ ಕಿತ್ತಾಡೋ ನಾವೇ ಅದನ್ನ ಬಾಯಿಂದ ಬಿಟ್ಟಿದ್ದೀವಿ. ಆಡದ ಪದಕ್ಕೆ ವಾರಸುದಾರಿಕೆ ಯಾಕೆ?

ನಾಳೆ ಕ್ಯಾಂಟೀನಲ್ಲಿ ಹೊಸಬರು ಸಿಕ್ಕರೆ 'ಯಾವೂರು?' ಅಂತ ಕೇಳಿ. ಮದುರೆಯವರಿಗೂ ಅರ್ಥ ಆಗುತ್ತೆ.