ಮುಖ ನೋಡಿ ಮಣೆ, ನಾಳ ನೋಡಿ ಗೇಟು

ಮುಖ ನೋಡಿ ಮಣೆ ಹಾಕುವುದನ್ನು ಕನ್ನಡಿಗರು ಯಾವತ್ತೂ ಹೊಗಳಿಕೆಯಾಗಿ ಹೇಳಿದ್ದಿಲ್ಲ. ಈಗ ಮಣೆ ಹಾಕುವ ಕೆಲಸ ಕ್ಯಾಮೆರಾಕ್ಕೆ ಹೋಗಿದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿ ವಿಮಾನ ನಿಲ್ದಾಣಗಳಲ್ಲಿ ಡಿಜಿಯಾತ್ರಾ ಶುರುವಾದಂದಿನಿಂದ ಮುಖ ತೋರಿಸಿ ಗೇಟು ದಾಟುವುದು ಬಹಳ ಜನರಿಗೆ ಮಾಮೂಲಾಗಿದೆ. ಆ ಕ್ಯಾಮೆರಾ ನೋಡುವುದು ಹೊರಗಿನ ಮುಖವನ್ನು. ಸಂಶೋಧಕರ ಕಣ್ಣು ಮಾತ್ರ ಬಹಳ ಹಿಂದೆಯೇ ಚರ್ಮದ ಕೆಳಗಿನ ರಕ್ತನಾಳಗಳ ಮೇಲೆ ಬಿದ್ದಿದೆ.

ರಕ್ತ ಹರಿಯುವ ನಾಳದ ಮೇಲಿನ ಚರ್ಮ ಅಕ್ಕಪಕ್ಕಕ್ಕಿಂತ ತುಸು ಬೆಚ್ಚಗಿರುತ್ತದೆ. ಶಾಖ ಹಿಡಿಯುವ ಕ್ಯಾಮೆರಾಕ್ಕೆ ಅದು ನಕ್ಷೆಯ ಹಾಗೆ ಕಾಣುತ್ತದೆ, ಕತ್ತಲಲ್ಲೂ. 1990ರ ದಶಕದಲ್ಲಿ ಅಮೆರಿಕದ ಫ್ರಾನ್ಸೀನ್ ಪ್ರೊಕೊಸ್ಕಿ ಈ ದಾರಿ ಹಿಡಿದು, ಅವಳಿ ಜವಳಿಗಳ ನಕ್ಷೆಯೂ ಬೇರೆ ಬೇರೆ ಎಂದು ವಾದಿಸಿದರು. ಇನ್ನೊಂದು ದಾರಿಯಲ್ಲಿ ಇನ್‌ಫ್ರಾರೆಡ್ ಬೆಳಕು ಬಿಟ್ಟರೆ ರಕ್ತದ ಹಿಮೋಗ್ಲೋಬಿನ್ ಅದನ್ನು ಹೀರಿಕೊಂಡು ನಾಳಗಳು ಕಪ್ಪು ಗೆರೆಗಳಾಗುತ್ತವೆ. ಜಪಾನಿನ ಬ್ಯಾಂಕುಗಳ ಎಟಿಎಂಗಳಲ್ಲಿ ಅಂಗೈಯ ನಾಳ ನೋಡಿ ಹಣ ಕೊಡುವ ಪದ್ಧತಿ ಬಂದು ಇಪ್ಪತ್ತು ವರ್ಷ ಆಯಿತು.

ಒಳಗಿರುವುದನ್ನು ಯಾರೂ ಕದಿಯಲಾರರು ಎಂಬುದು ಮಾರುವವರ ಮಾತು. 2018ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಯಾನ್ ಕ್ರಿಸ್ಲರ್ ಮತ್ತು ಯೂಲಿಯಾನ್ ಆಲ್ಬ್ರೆಕ್ಟ್ ಮೇಣದ ಕೈಯೊಂದನ್ನು ತೋರಿಸಿದರು. ಫಿಲ್ಟರ್ ತೆಗೆದ ಕ್ಯಾಮೆರಾದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಫೋಟೊ ತೆಗೆದು ಅವರು ಮಾಡಿದ ಕೈ ಅದು. ಯಂತ್ರ ಅದನ್ನು ಒಪ್ಪಿಕೊಂಡಿತು. ಕದ್ದ ಪಾಸ್‌ವರ್ಡನ್ನು ಸಂಜೆಯೊಳಗೆ ಬದಲಿಸಬಹುದು. ಕೆನ್ನೆಯ ನಾಳವನ್ನು ಏನು ಮಾಡುವುದು?

ಶಾಖದ ಚಿತ್ರದಲ್ಲಿ ಇನ್ನೊಂದು ತೊಡಕಿದೆ. ಜ್ವರ ಬಂದರೆ, ಕುಡಿದರೆ, ಓಡಿ ಬಂದರೆ ಅದು ಬದಲಾಗುತ್ತದೆ. ಕನ್ನಡಕದ ಗಾಜು ಆ ಕ್ಯಾಮೆರಾಕ್ಕೆ ಗೋಡೆಯಿದ್ದಂತೆ. ಎಂಜಿನಿಯರಿಗೆ ಇವೆಲ್ಲ ದೋಷಗಳು, ಕ್ಯಾಮೆರಾ ಹಿಡಿದವನಿಗೆ ಮಾತ್ರ ಮಾಹಿತಿ. ಹೆಸರು ಕೇಳಿದ ಗೇಟು ಮೈ ಬಿಸಿಯನ್ನೂ ತಿಳಿದುಕೊಳ್ಳುತ್ತದೆ.

ಕನ್ನಡದಲ್ಲಿ 'ಗುರುತು ಸಿಕ್ತಾ?' ಎಂದು ಕೇಳುವಾಗ ಎದುರಿಗಿರುವವನಿಗೂ ನೆನಪಿರಬೇಕೆಂಬ ನಿರೀಕ್ಷೆ ಇರುತ್ತದೆ. ಗುರುತಿಗೆ ಇಬ್ಬರು ಬೇಕು. ರೇಷನ್ ಅಂಗಡಿಯ ಯಂತ್ರದ ಮುಂದೆ ಕೂಲಿ ಮಾಡಿ ಬೆರಳು ಸವೆದ ಅಜ್ಜಿಯನ್ನು ಅಂಗಡಿಯವನು ಹೆಸರು ಹಿಡಿದೇ ಕರೆಯುತ್ತಾನೆ, ಆದರೆ ಅವನ ಮಾತು ನಡೆಯುವುದಿಲ್ಲ. ಬೆರಳು ಸೋತರೆ ಕಣ್ಣು, ಕಣ್ಣು ಸೋತರೆ ಮುಖ, ನಾಳೆ ನಾಳ. ಯಂತ್ರ ಸೋತಾಗಲೆಲ್ಲ ದೇಹವನ್ನು ಇನ್ನಷ್ಟು ಆಳಕ್ಕೆ ಬಗೆದು ನೋಡುವುದೇ ಪರಿಹಾರವಾದರೆ, ಬಲ್ಲವನ ಮಾತಿಗೆ ಬೆಲೆ ಬರುವುದು ಯಾವಾಗ?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ದತ್ತಾಂಶ ಕಾಯ್ದೆಯ 17ನೇ ಕಲಮು ತನ್ನ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಹೀಗಿರುವಾಗ 'ಒಪ್ಪಿಗೆ ಪಡೆಯುತ್ತೇವೆ' ಎಂಬ ಭರವಸೆಗೆ ಹೆಚ್ಚು ತೂಕವಿಲ್ಲ. ನಾಳ ನೋಡುವ ಗೇಟು ಬರುವುದೇ ಆದರೆ, ಪಕ್ಕದಲ್ಲಿ ಕಾಗದ ನೋಡುವ ಮನುಷ್ಯ ಕೂತ ಬಾಗಿಲೊಂದು ಕಾನೂನಿನ ಬಲದಿಂದಲೇ ಇರಬೇಕು, ಮತ್ತು ಅಲ್ಲಿನ ಕ್ಯೂ ಬೇಕೆಂದೇ ಉದ್ದವಾಗಬಾರದು.