ಹಿರಿಯೂರಿಗೆ ಏಳು ಪದರದ ತೋಟ ಬೇಡ

‘ಫುಡ್ ಫಾರೆಸ್ಟ್’ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಒಂದು ಚಿತ್ರ ಬಂದೇ ಬರುತ್ತೆ. ಮೇಲೆ ದೊಡ್ಡ ಮರ, ಅದರ ಕೆಳಗೆ ಸಣ್ಣ ಮರ, ಆಮೇಲೆ ಪೊದೆ, ಸೊಪ್ಪು, ನೆಲಕ್ಕೆ ಹಬ್ಬೋ ಗಿಡ, ಮಣ್ಣೊಳಗೆ ಗೆಡ್ಡೆ, ಎಲ್ಲದರ ಮೇಲೆ ಹತ್ತೋ ಬಳ್ಳಿ. ಒಟ್ಟು ಏಳು ಲೇಯರ್. ನೋಡಿದವರಿಗೆಲ್ಲ ನಮ್ಮ ಜಮೀನಲ್ಲೂ ಹೀಗೇ ಮಾಡ್ಬೇಕು ಅನ್ಸುತ್ತೆ. ಮಲೆನಾಡಿನವರು ಮಾಡ್ಲಿ, ಕರಾವಳಿಯವರು ಮಾಡ್ಲಿ. ಅವರು ಅಡಿಕೆ, ಬಾಳೆ, ಮೆಣಸು, ಏಲಕ್ಕಿ ಅಂತ ಅಜ್ಜಂದಿರ ಕಾಲದಿಂದ ಮಾಡ್ತಾನೇ ಇದ್ದಾರೆ, ಹೆಸರು ಇಟ್ಟಿರಲಿಲ್ಲ ಅಷ್ಟೇ. ಆದರೆ ಬಯಲುಸೀಮೆಗೆ ಆ ಚಿತ್ರವನ್ನು ಹಾಗೇ ತಂದು ಇಳಿಸೋದು ಕೆಟ್ಟ ಡಿಸೈನ್ ಅನ್ನೋದು ನನ್ನ ಅಭಿಪ್ರಾಯ.

ಈ ಏಳು ಪದರದ ಲೆಕ್ಕವನ್ನು ಜನಪ್ರಿಯ ಮಾಡಿದವರು ರಾಬರ್ಟ್ ಹಾರ್ಟ್. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಅವರದ್ದು ಒಂದು ಪುಟ್ಟ ತೋಟ ಇತ್ತು. ತಮಾಷೆ ಏನಂದ್ರೆ, ಅವರಿಗೆ ಸ್ಫೂರ್ತಿ ಕೊಟ್ಟಿದ್ದರಲ್ಲಿ ಕೇರಳದ ಮನೆತೋಟಗಳೂ ಒಂದು. ಪಕ್ಕದ ರಾಜ್ಯದ ಐಡಿಯಾ ಇಂಗ್ಲೆಂಡಿಗೆ ಹೋಗಿ, ಹೊಸ ಹೆಸರಿಟ್ಕೊಂಡು, ನಮ್ಮ ಮೊಬೈಲಿಗೆ ವಾಪಸ್ ಬಂದಿದೆ. ಕೇರಳದಲ್ಲಿ ಮಳೆಗೆ ಬರ ಇಲ್ಲ, ಅದು ಸರಿ. ಶ್ರಾಪ್‌ಶೈರ್ ಕಥೆ ಬೇರೆ. ಅಲ್ಲಿ ವರ್ಷಕ್ಕೆ ಬೀಳೋ ಮಳೆ ನಮ್ಮ ತುಮಕೂರಿಗಿಂತ ಅಂಥ ಜಾಸ್ತಿಯೇನಲ್ಲ. ಆದರೆ ಅದು ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತೆ, ಬಿದ್ದದ್ದು ಬೇಗ ಆವಿ ಆಗಲ್ಲ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್ ಒಳಗೆ ಮುಕ್ಕಾಲು ಕಥೆ ಮುಗಿದು, ಜನವರಿಯಿಂದ ಏಪ್ರಿಲ್‌ವರೆಗೆ ಆಕಾಶ ನೋಡ್ತಾ ಕೂರಬೇಕು.

ಬಿಸಿಲಿನದ್ದೂ ಹಾಗೇ. ಅಲ್ಲಿನ ಪುಸ್ತಕಗಳು ಎತ್ತರದ ಮರ ಉತ್ತರಕ್ಕೆ, ಗಿಡ್ಡ ಗಿಡ ದಕ್ಷಿಣಕ್ಕೆ ಇಡಿ ಅನ್ನುತ್ತವೆ. ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣದಲ್ಲಿ ತಗ್ಗಾಗಿ ಇರ್ತಾನೆ, ಬೆಳಕು ಸಿಗೋದೇ ಕಷ್ಟ. ಹಿರಿಯೂರು ಇರೋದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಆಮೇಲೆ ಆಗಸ್ಟ್ ಮಧ್ಯದವರೆಗೆ ಉತ್ತರದ ಕಡೆಗೇ. ನಮಗೆ ಬೆಳಕಿನ ಕೊರತೆ ಇಲ್ಲವೇ ಇಲ್ಲ. ತಡೀಬೇಕಾಗಿರೋದು ಮೂರು ಗಂಟೆಯ ಪಡುವಣ ಬಿಸಿಲನ್ನ ಮತ್ತು ಒಣಗಾಳಿಯನ್ನ.

ಮೆಡಿಟರೇನಿಯನ್ ಕಡೆಯ ವಿಡಿಯೋಗಳು, ಪೋರ್ಚುಗಲ್‌ದು ಅಥವಾ ಸ್ಪೇನ್‌ದು, ನಮಗೆ ಹತ್ತಿರ ಅನ್ಸುತ್ತೆ. ಅಲ್ಲೂ ಬೇಸಿಗೆ ಒಣಗಿರುತ್ತೆ, ಅಂಜೂರ, ದಾಳಿಂಬೆ ಬೆಳೀತಾರೆ. ಆದರೆ ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಅದಕ್ಕೇ ಗಿಡ ನೆಡೋದು ಅಕ್ಟೋಬರ್, ನವೆಂಬರ್‌ನಲ್ಲಿ. ಅದನ್ನು ನೋಡ್ಕೊಂಡು ನಾವೂ ನವೆಂಬರ್‌ನಲ್ಲಿ ನೆಟ್ಟರೆ, ಎಳೆ ಗಿಡ ನೇರ ಬೇಸಿಗೆ ಬಾಯಿಗೇ.

ಇಷ್ಟೆಲ್ಲ ನಾನ್ಯಾಕೆ ತಲೆ ಕೆಡಿಸಿಕೊಂಡೆ ಅಂದ್ರೆ, ನಮ್ಮ ದೊಡ್ಡಪ್ಪ ಹಿರಿಯೂರು ಹತ್ತಿರ 20 ಗುಂಟೆ ಕೆಂಪು ಮಣ್ಣಿನ ಜಮೀನಲ್ಲಿ ಇದನ್ನೇ ಮಾಡೋಕೆ ಹೊರಟಿದ್ರು. ಯಾರೋ ಏಳು ಪದರದ ಪ್ಲಾನ್ ಬರೆದುಕೊಟ್ಟಿದ್ದಾರೆ. ಪೇಪರ್ ಮೇಲೆ ಒಂದಿಂಚು ಜಾಗವೂ ಖಾಲಿ ಇಲ್ಲ. ನೀರು ಎಲ್ಲಿಂದ ಅಂದ್ರೆ ‘ಹೊಸ ಬೋರ್’ ಅಂತ ಒಂದು ಸಾಲು. ಈಗಿರೋ ಬೋರ್‌ನಲ್ಲಿ ಏಪ್ರಿಲ್ ಬಂತಂದ್ರೆ ಅರ್ಧ ಇಂಚು ನೀರು, ಒಂದು ಗಂಟೆ ಓಡಿದ್ರೆ ಗಾಳಿ. ಹೊಸ ಬೋರ್ ಅಂದ್ರೆ ದೊಡ್ಡಮ್ಮನ ಒಡವೆ ಬ್ಯಾಂಕಿಗೆ ಹೋಗುತ್ತೆ, ನೀರು ಬಿದ್ದರೂ ಬೀಳದಿದ್ದರೂ.

ನಾನು ಸಿವಿಲ್ ಬ್ರ್ಯಾಂಚ್, ಲೆಕ್ಕ ಹಾಕೋದಷ್ಟೇ ಗೊತ್ತು. ಒಂದು ಗುಂಟೆ ಅಂದ್ರೆ ಸುಮಾರು 101 ಚದರ ಮೀಟರ್. ವರ್ಷಕ್ಕೆ 550 ಮಿ.ಮೀ. ಮಳೆ ಅಂತ ಹಿಡಿದ್ರೆ ಒಂದು ಗುಂಟೆ ಮೇಲೆ ಬೀಳೋದು ಹತ್ತಿರ ಹತ್ತಿರ 55,000 ಲೀಟರ್. ಜಾಗ ಪೂರ್ತಿ ಹಸಿರೆಲೆ ತುಂಬಿದ್ರೆ ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ನೀರು ಎಲೆಯಿಂದ ಹೋಗುತ್ತೆ (ಕಮ್ಮಿನೇ ಹಿಡಿದಿದ್ದೀನಿ), ಅಂದ್ರೆ ಗುಂಟೆಗೆ 500 ಲೀಟರ್. ಫೆಬ್ರವರಿಯಿಂದ ಮೇ ತನಕ 120 ದಿನಕ್ಕೆ 60,000 ಲೀಟರ್. ಇಡೀ ವರ್ಷದ ಮಳೆಯ ಒಂದು ಹನಿಯೂ ಹರಿದುಹೋಗದೆ ಉಳಿದ್ರೂ ನಾಲ್ಕು ತಿಂಗಳಿಗೆ ಸಾಲಲ್ಲ. 20 ಗುಂಟೆಗೆ ದಿನಾ 10,000 ಲೀಟರ್, ಎರಡು ಟ್ಯಾಂಕರ್. ಈ ಲೆಕ್ಕ ತೋರಿಸಿದಾಗ ದೊಡ್ಡಪ್ಪ, ‘ಮತ್ತೆ ಕಾಡು ಹೆಂಗಪ್ಪಾ ಬದುಕುತ್ತೆ?’ ಅಂತ ಕೇಳಿದ್ರು. ಪ್ಲಾನ್ ಬರೆದುಕೊಟ್ಟವರು ಕೇಳಬೇಕಾಗಿದ್ದ ಪ್ರಶ್ನೆ ಅದು.

ನಮ್ಮ ಕಡೆ ಕಾಡು ಬದುಕೋದು ಎಲೆ ಉದುರಿಸಿ, ಮತ್ತೆ ಒಂದಕ್ಕೊಂದು ದೂರ ನಿಂತು. ಹಾಗಾಗಿ ಪದರಗಳನ್ನು ಜಾಗದಲ್ಲಿ ಪೇರಿಸೋ ಬದಲು ಕಾಲದಲ್ಲಿ ಪೇರಿಸಬೇಕು ಅನ್ನೋದು ನನ್ನ ವಾದ. ಬೋರೆ ಮರ ನೋಡಿ, ಕೆಲವರು ಎಲಚಿ ಅಂತಾರಲ್ಲ, ಅದೇ. ಚಳಿಗಾಲದಲ್ಲಿ ಹಣ್ಣು ಕೊಟ್ಟು, ಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗಿಬಿಡುತ್ತೆ. ಸೀತಾಫಲ, ನೆಲ್ಲಿ ಕೂಡ ಬೇಸಿಗೆಯಲ್ಲಿ ಬೋಳಾಗ್ತವೆ. ಸುವರ್ಣಗೆಡ್ಡೆ ಮಳೆಗಾಲ ಮುಗಿದ ಮೇಲೆ ಮೇಲಿನ ಗಿಡ ಒಣಗಿಸಿಕೊಂಡು ಮಣ್ಣೊಳಗೆ ನಿದ್ದೆ ಮಾಡುತ್ತೆ. ಇವಕ್ಕೆಲ್ಲ ಬೇಸಿಗೆಯಲ್ಲಿ ನೀರಿನ ಹಸಿವು ಕಡಿಮೆ. ಹಣ್ಣಿನ ಮರ ಅಂದ ಕೂಡಲೇ ವರ್ಷವಿಡೀ ಹಚ್ಚಗಿರಬೇಕು ಅನ್ನೋ ಆಸೆಯನ್ನು ಮೊದಲು ಬಿಡಬೇಕು. ಬೋಳು ಮರ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ಒಪ್ತೀನಿ.

ಮರಗಳ ನಡುವಿನ ಜಾಗಕ್ಕೆ ನಮ್ಮ ಹತ್ರಾನೇ ಉತ್ತರ ಇದೆ, ಅದು ಅಕ್ಕಡಿ ಸಾಲು. ರಾಗಿ ಜೊತೆ ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ತೊಗರಿ, ಅವರೆ ಉಳಿದ ತೇವದಲ್ಲೇ ನಿಂತು ಕಾಯಿ ಕೊಡ್ತವೆ. ಬೇಸಿಗೆ ಹೊತ್ತಿಗೆ ಎಲ್ಲ ಮನೆಗೆ ಬಂದಿರುತ್ತೆ, ಹೊಲ ಖಾಲಿ. ಇದೂ ಲೇಯರ್ ಅಲ್ವಾ? ಇದನ್ನು ಯಾವ ಚಾರ್ಟ್‌ನಲ್ಲೂ ನಾನು ನೋಡಿಲ್ಲ.

ಹಾಗಾಗಿ ನಾನು ದೊಡ್ಡಪ್ಪಂಗೆ ಹೇಳಿದ್ದು ಹೀಗೆ. ಪಡುವಣ ಬದುವಿನ ಮೇಲೆ ಹುಣಸೆ, ಹೊಂಗೆ, ಬೇವು. ಒಳಗೆ ಮರದ ನೆರಳು ಜಮೀನಿನ ಮೂರನೇ ಒಂದು ಭಾಗ ದಾಟಬಾರದು. ಕೆಂಪು ಮಣ್ಣು ಒಂದು ಮೀಟರ್ ಆಳದಲ್ಲಿ ಬೇರಿಗೆ ಸಿಗೋ ಹಾಗೆ ಇಟ್ಟುಕೊಳ್ಳೋದೇ ಸುಮಾರು 100 ಮಿ.ಮೀ. ನೀರು. ಪೂರ್ತಿ ತುಂಬಿಸಿದ್ರೆ ಅದು 20 ದಿನಕ್ಕೆ ಖಾಲಿ, ಮೂರನೇ ಒಂದು ಭಾಗಕ್ಕಾದ್ರೆ ಎರಡು ತಿಂಗಳು ಬರುತ್ತೆ, ಅಷ್ಟರಲ್ಲಿ ಮರದ ಬೇರು ಇನ್ನೂ ಆಳಕ್ಕೆ ಹೋಗಿರುತ್ತೆ. ಬದುಗುಂಟ ಗೊಬ್ಬರದ ಗಿಡ ಹಾಕಿ, ಜನವರಿಯಲ್ಲಿ ಸವರಿ ಆ ಸೊಪ್ಪನ್ನೇ ಬುಡಕ್ಕೆ ಮುಚ್ಚಿಗೆ ಮಾಡೋದು. ನೆಡೋದು ಜೂನ್, ಜುಲೈನಲ್ಲೇ. ಮೊದಲ ಎರಡು ಬೇಸಿಗೆ ಗಿಡಕ್ಕೆ ವಾರಕ್ಕೆ ಎರಡು ಬಿಂದಿಗೆ ನೀರು, ಬುಡದ ಹತ್ತಿರ ಹೂತಿಟ್ಟ ಮಡಕೆಗೆ. ಬಾಳೆ, ಪಪ್ಪಾಯ, ಕರಿಬೇವು, ನುಗ್ಗೆ ಎಲ್ಲ ಮನೆ ಹಿಂದೆ, ಬಚ್ಚಲು ನೀರು ಹರಿಯೋ ಕಡೆ. ಬಾಳೆಗೆ ಬಚ್ಚಲ ನೀರು ಅನ್ನೋದನ್ನ ಅಜ್ಜಿಗೆ ಯಾವ ಯೂಟ್ಯೂಬೂ ಹೇಳಿಕೊಟ್ಟಿರಲಿಲ್ಲ.

ಇದರಲ್ಲಿ ತೊಂದರೆಗಳಿಲ್ಲ ಅಂತಲ್ಲ. ಒಣ ಮುಚ್ಚಿಗೆಗೆ ಗೆದ್ದಲು ಬರುತ್ತೆ, ಬುಡದಿಂದ ಒಂದು ಗೇಣು ಬಿಟ್ಟು ಹಾಕಬೇಕು. ಬೆಂಕಿ ಭಯವೂ ಇದೆ. ಸುಗ್ಗಿ ಮುಗಿದ ಮೇಲೆ ಊರಿನ ಮೇಕೆಗಳು ಎಲ್ಲರ ಹೊಲಕ್ಕೂ ನುಗ್ತವೆ, ಹಾಗಾಗಿ ಕವಳಿ ಗಿಡದ ಮುಳ್ಳುಬೇಲಿ ಏಳೋವರೆಗೆ ಯಾರಾದ್ರೂ ಕಾಯಲೇಬೇಕು. ಸೀತಾಫಲ, ಬೋರೆಗೆ ಮಾವಿನಷ್ಟು ಬೆಲೆ ಸಿಗಲ್ಲ ಅನ್ನೋದು ದೊಡ್ಡಪ್ಪನ ತಕರಾರು, ಅದಕ್ಕೆ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ. ನಾಲ್ಕು ಮಾವಿಗೆ ರಾಜಿ ಆಗಿದ್ದೀವಿ.

ಬೋರ್ ಮಾತು ಮುಂದಿನ ಯುಗಾದಿವರೆಗೆ ಮುಂದಕ್ಕೆ ಹೋಗಿದೆ. ಒಡವೆ ಸದ್ಯ ಮನೇಲೇ ಇದೆ. ನೀರು ಇಂಗೋಕೆ ಇಳಿಜಾರಿಗೆ ಅಡ್ಡವಾಗಿ ಟ್ರೆಂಚ್ ತೆಗೀಬೇಕು, ಅದರ ಲೆವೆಲ್ ನೋಡೋ ಕೆಲಸ ನನ್ನದು. ಹತ್ತು ಮೀಟರ್ ಪ್ಲಾಸ್ಟಿಕ್ ಪೈಪಲ್ಲಿ ನೀರು ತುಂಬಿಸಿಕೊಂಡು ಮೇ ತಿಂಗಳಲ್ಲಿ, ಇಂಟರ್ನಲ್ಸ್ ಮುಗಿದ ವಾರ, ಹಿರಿಯೂರಿಗೆ ಹೋಗ್ತಿದ್ದೀನಿ. ಯಾರಾದ್ರೂ ಬರೋದಾದ್ರೆ ಬನ್ನಿ, ಊಟ ದೊಡ್ಡಮ್ಮನ ಕಡೆಯಿಂದ.