ಉಳೋರು ಅವರು, ಪರಿಹಾರ ನನಗೆ



ನಂದು ಮೂರು ಎಕರೆ. ಎರಡು ಎಕರೆ ನಾನು ಮಾಡ್ತೀನಿ. ಮೇಲಿನ ಒಂದು ಎಕರೆ ಖುಷ್ಕಿನ ನಮ್ಮೂರಿನವರೇ ಒಬ್ಬರು ವಾರಕ್ಕೆ ಮಾಡ್ತಾರೆ. ಬಾಯಿಮಾತು, ಪತ್ರ ಇಲ್ಲ. ಬೀಜ, ಗೊಬ್ಬರ, ಕಳೆ, ಕಟಾವು ಎಲ್ಲಾ ಅವರದೇ. ಬೆಳೆದದ್ದರಲ್ಲಿ ಅರ್ಧ ನನಗೆ.

2023ರಲ್ಲಿ ಮಳೆ ಕೈಕೊಡ್ತು, ರಾಗಿ ತೆನೆ ಕಟ್ಟಲಿಲ್ಲ. ಮುಂದಿನ ವರ್ಷ ಬರ ಪರಿಹಾರ ಬಂತು. ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಲೆಕ್ಕ. ಅವರ ಎಕರೆದೂ ಸೇರಿ ನನ್ನ ಖಾತೆಗೇ ಬಿತ್ತು. ಗೊಬ್ಬರಕ್ಕೆ ಕೈಸಾಲ ಮಾಡಿದ್ದು ಅವರು, ಪರಿಹಾರ ತಗೊಂಡದ್ದು ನಾನು. ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ.

ದೇಶ ಬೆಳೀತಿದೆ ಅಂತ ಟೀವೀಲಿ ದಿನಾ ಹೇಳ್ತಾರೆ. ಸುಳ್ಳಲ್ಲ. ಆದರೆ ರೈತರಿಗೆ ಅಂತ ಬರೋ ದುಡ್ಡು ಪಹಣಿ ಇರೋರ ಮನೆಗೇ ಹೋಗುತ್ತೆ. ಪಿಎಂ ಕಿಸಾನ್ 2019ರಲ್ಲಿ ಶುರುವಾದಾಗ ಎರಡು ಹೆಕ್ಟೇರ್ ಒಳಗಿನೋರಿಗೆ ಮಾತ್ರ ಇತ್ತು, ಅದೇ ವರ್ಷ ಮಿತಿ ತೆಗೆದರು. ಈಗ ಆದಾಯ ತೆರಿಗೆ ಕಟ್ಟೋರಂಥ ಕೆಲವರನ್ನ ಬಿಟ್ರೆ, ಮೂವತ್ತು ಎಕರೆಯವನಿಗೂ ವರ್ಷಕ್ಕೆ 6,000, ಒಂದು ಎಕರೆಯವನಿಗೂ 6,000. ಗುಂಟೆ ಜಮೀನೂ ಹೆಸರಲ್ಲಿ ಇಲ್ಲದೆ ಉಳೋನಿಗೆ ಸೊನ್ನೆ. ಬೆಂಬಲ ಬೆಲೆಗೆ ರಾಗಿ ಬಿಡೋಕೂ ಫ್ರೂಟ್ಸ್ ಐಡಿಯಲ್ಲಿ ಜಮೀನು ತೋರಿಸಬೇಕು. ಹಂಗಾಗಿ ಅವರು ಕಣದಲ್ಲೇ ವ್ಯಾಪಾರಿ ಕೇಳಿದ ರೇಟಿಗೆ ಕೊಡ್ತಾರೆ. ಬಡತನಕ್ಕೆ ಸೋಮಾರಿತನ ಕಾರಣ ಅನ್ನೋರು ಇದನ್ನ ನೋಡಬೇಕು.

ನಮಗೆ ಈ ಜಮೀನು ಬಂದದ್ದೇ 1974ರ ಭೂಸುಧಾರಣೆಯಿಂದ. ನಮ್ಮಪ್ಪ ಗೇಣಿದಾರ. ಅರಸು ಕಾಲದಲ್ಲಿ ಡಿಕ್ಲರೇಷನ್ ಹಾಕಿ ಒಡೆಯ ಆದರು. ಅದೇ ಕಾನೂನು ಗೇಣಿ ಕೊಡೋದನ್ನ ನಿಲ್ಲಿಸ್ತು. ಗೇಣಿ ಎಲ್ಲಿ ನಿಂತಿದೆ? ಕಾಗದದಲ್ಲಿ ಕಾಣಲ್ಲ ಅಷ್ಟೇ. ಬರೆದು ಕೊಟ್ರೆ ಜಮೀನು ಹೋಗುತ್ತೆ ಅಂತ ನಮಗೆಲ್ಲಾ ಭಯ. ನನಗೂ ಇದೆ.

ಆಂಧ್ರದಲ್ಲಿ 2019ರಲ್ಲಿ ಒಂದು ಕಾಯ್ದೆ ಮಾಡಿದರು. ಮಾಲೀಕ ಒಪ್ಪಿದರೆ ಉಳೋನಿಗೆ 11 ತಿಂಗಳಿನ ಕಾರ್ಡು. ಜಮೀನಿನ ಹಕ್ಕು ಮಾಲೀಕನದ್ದೇ. ಬೆಳೆ ಮೇಲಿನ ಸಾಲ, ಪರಿಹಾರ ಉಳೋನಿಗೆ. ಅಲ್ಲೂ ಸಹಿ ಹಾಕೋಕೆ ಮಾಲೀಕರು ಹಿಂಜರೀತಾರೆ. ಆದರೂ ದಾರಿ ಅಂತ ಒಂದಿದೆ. ನಮ್ಮಲ್ಲಿ ಬೆಳೆ ಸಮೀಕ್ಷೆಗೆ ಹೆಂಗೂ ಹೊಲಕ್ಕೆ ಬಂದು ಫೋಟೋ ತೆಗೀತಾರೆ. ಬೆಳೆ ಯಾವುದು ಅಂತ ಬರ್ಕೊಳ್ಳೋರು ಬೆಳೆದೋರು ಯಾರು ಅಂತಾನೂ ಬರ್ಕೊಳ್ಳಲಿ.

ಅದಾಗೋವರೆಗೆ ನಮ್ಮ ಕೈಲಿರೋದು ನಾವು ಮಾಡಬೇಕು. ಮೊನ್ನೆ ಆ ಎಕರೆ ಪಾಲಿನ 3,400 ರೂಪಾಯಿ ಅವರ ಮನೆಗೆ ಹೋಗಿ ಕೊಟ್ಟು ಬಂದೆ. "ಈಗ ಯಾಕಣ್ಣ, ಬಿಡಿ" ಅಂದರು. ಬಲವಂತ ಮಾಡಿ ಕೊಟ್ಟೆ. ಆ ಸಾಲಕ್ಕೆ ಇಷ್ಟು ದಿನ ಅವರು ಕಟ್ಟಿದ ಬಡ್ಡಿ ಇದಕ್ಕಿಂತ ಜಾಸ್ತಿ ಅಂತ ಆಮೇಲೆ ಗೊತ್ತಾಯ್ತು.

ಜಮೀನು ವಾರಕ್ಕೆ ಕೊಟ್ಟೋರು ನಿಮ್ಮಲ್ಲೂ ಇದ್ದೀರಿ. ಪಾಸ್‌ಬುಕ್ ಒಂದ್ಸಲ ತೆಗೆದು ನೋಡಿ.